ಶುಕ್ರವಾರದ ಹದಿನಾಲ್ಕು ಸ್ವರ

ಅಲೋಯಿಸ್ ಕುಬೆಲ್ಕಾ ಸತ್ತಾಗ ನಾನು ನಿಜವಾಗಿಯೂ ಅತ್ತೆ. ಶವಪೆಟ್ಟಿಗೆಯ ಹಿಂದೆ ನಡೆಯುತ್ತಲೇ, ಇನ್ನಾದರೂ ಆ ಸ್ವರ ನನ್ನದಾಗಬಹುದೇ ಎಂದೂ ಯೋಚಿಸಿದೆ. ಎಂಬತ್ತೊಂದರ ವಯಸ್ಸಿನಲ್ಲಿ ಇದನ್ನೆಲ್ಲ ಮುಚ್ಚಿಟ್ಟು ಏನಾಗಬೇಕು?

ಬ್ರನೋ ನಗರದ ನಮ್ಮ ವಾದ್ಯವೃಂದದಲ್ಲಿ ಅವನು ಕಾಯಂ ಟ್ಯೂಬಾ ವಾದಕ, ನಾನು ಬದಲಿ. ಅರವತ್ತೆಂಟರಲ್ಲಿ, ರಷ್ಯನ್ ಟ್ಯಾಂಕುಗಳು ನಮ್ಮ ದೇಶದೊಳಗೆ ನುಗ್ಗಿದ ವರ್ಷದ ಶರತ್ಕಾಲದಲ್ಲಿ, ನಾವು ನುಡಿಸಿದ ಸಿಂಫನಿಯ ರೆಕಾರ್ಡು ನಮ್ಮೂರಲ್ಲಿ ಇಲ್ಲದ ಮನೆಯಿಲ್ಲ. ಅದರಲ್ಲಿ ಟ್ಯೂಬಾಕ್ಕಿರುವುದು ಹದಿನಾಲ್ಕೇ ಸ್ವರ. ಉಳಿದ ಹೊತ್ತೆಲ್ಲ ಆ ಹಿತ್ತಾಳೆಯ ಹೊರೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರಬೇಕು. ಆದರೆ ಆ ಹದಿನಾಲ್ಕನೆಯದು ಉಳಿದವರೆಲ್ಲ ನಿಲ್ಲಿಸಿದ ಮೇಲೂ ಒಂಟಿಯಾಗಿ ನಿಂತಿರುತ್ತದೆ. ಬಾಯಿಬಿಟ್ಟು ಆಡಲಾಗದ್ದನ್ನು ಅವತ್ತು ಆ ಸ್ವರ ಆಡಿತು ಎಂದು ಜನ ಈಗಲೂ ಹೇಳುತ್ತಾರೆ.

ರೇಡಿಯೊದವರು ಗುರುವಾರ, ಶುಕ್ರವಾರ ಎರಡು ಸಂಜೆಯ ಕಛೇರಿಯಲ್ಲೂ ಟೇಪು ಓಡಿಸಿ, ಚೆನ್ನಾಗಿ ಬಂದ ತುಣುಕುಗಳನ್ನು ಕತ್ತರಿಸಿ ಅಂಟಿಸಿದ್ದರು. ಗುರುವಾರ ಅಲೋಯಿಸನಿಗೆ ಹಲ್ಲುನೋವು, ನಾನು ನುಡಿಸಿದೆ. ಶುಕ್ರವಾರ ಅವನು ಬಂದ. ಯಾವ ತುಣುಕು ಯಾವ ಸಂಜೆಯದೆಂದು ಯಾರೂ ಬರೆದಿಡಲಿಲ್ಲ. ರೆಕಾರ್ಡಿನ ಹೊದಿಕೆಯ ಮೇಲೆ ನಿರ್ದೇಶಕರ ಹೆಸರೊಂದೇ ಇತ್ತು.

ಕಾಯಂ ವಾದಕ ಅವನಾದ್ದರಿಂದ ಸ್ವರವೂ ಅವನದೇ ಎಂದಾಯಿತು. ಬಿಯರ್ ಅಂಗಡಿಗೆ ಹೋದರೆ ಅದೇ ಮಾತು.

"ಏನಪ್ಪಾ ಅಲೋಯಿಸ್, ಹದಿನಾಲ್ಕು ಸಲ ಊದಿ ಜನ್ಮಪೂರ್ತಿ ಬಿಟ್ಟಿ ಕುಡೀತಿದೀಯಲ್ಲ."

ಅವನು ನೊರೆಯೊಳಗೆ ಮೂತಿಯಿಟ್ಟು ನಗುತ್ತಿದ್ದ. "ಬೊಹುಶ್‌ದೂ ಇರಬಹುದು ಕಣ್ರೋ" ಎಂದು ಒಂದು ಸಲವಾದರೂ ನನ್ನ ಹೆಸರೆತ್ತಿದನೇ? ನನ್ನ ಹೊಟ್ಟೆ ಉರಿದುಹೋಗುತ್ತಿತ್ತು. ಮನೆಗೆ ಬಂದು ರೆಕಾರ್ಡು ಹಾಕಿ ಕೇಳುತ್ತಿದ್ದೆ. ಅಷ್ಟು ಉದ್ದದ ಉಸಿರು ಅವನಿಗೆಲ್ಲಿತ್ತು? ಅದು ನನ್ನದೇ ಎಂದು ನಲವತ್ತಾರು ವರ್ಷ ನಂಬಿದೆ.

ಅವನು ಹೋದ ಮರುವರ್ಷ ರೇಡಿಯೊದವರು ಆ ರೆಕಾರ್ಡನ್ನು ಹೊಸದಾಗಿ ತರಲು ಹೊರಟರು. ಈ ಸಲ ಪ್ರತಿ ವಾದಕನ ಹೆಸರೂ ಅಚ್ಚಾಗುತ್ತದಂತೆ. ಸ್ವರ ನನ್ನದೆಂದು ನಾನು ಪತ್ರ ಬರೆದೆ. ತನ್ನ ಗಂಡನದೆಂದು ಅಲೋಯಿಸನ ಹೆಂಡತಿ ಲಿಬುಷೆಯೂ ಬರೆದಿದ್ದಳು. ಧ್ವನಿ ವಿಭಾಗದ ಹಾನಾ ಎಂಬ ಹುಡುಗಿ ಇಬ್ಬರನ್ನೂ ಕರೆಸಿ, ಅಂಟಿಸಿದ ಮೂಲ ಟೇಪು ಹಾಕಿದಳು.

ಹದಿನಾಲ್ಕನೆಯ ಸ್ವರ ಬಂತು. ಅದರ ನಡುವೆ, ದೂರದಲ್ಲಿ, ಯಾರೋ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ಎರಡು ಸಲ ಕೆಮ್ಮಿದರು. ನನಗೆ ಹೊಸದೇನಲ್ಲ, ಸಾವಿರ ಸಲ ಕೇಳಿದ್ದೆ.

"ಆ ಕೆಮ್ಮು ನಂದು," ಅಂದಳು ಲಿಬುಷೆ.

ನಾನು ನಕ್ಕುಬಿಟ್ಟೆ. "ಕೆಮ್ಮಿನ ಮೇಲೆ ಹೆಸರು ಬರ್ದಿರುತ್ತಾ ಲಿಬುಷೆಯವರೇ?"

"ನಗಬೇಡಿ ಬೊಹುಶ್. ಗುರುವಾರ ನಂಗೆ ನೂಲಿನ ಗಿರಣೀಲಿ ಪಾಳಿ. ಶುಕ್ರವಾರ ಜ್ವರ ಇಟ್ಕೊಂಡೇ ಬಂದು ಮಹಡೀಲಿ ಕೂತೆ. ಅವರ ಸ್ವರ ಬರೋ ಹೊತ್ತಿಗೇ ತಡೀಲಾರದೆ ಶಾಲಿನೊಳಗೆ ಕೆಮ್ಮಿದೆ. ಮನೆಗೆ ಬಂದು, 'ಯಾವಳೋ ಹಾಳಾದವಳು ನನ್ನ ಸ್ವರ ಕೆಡಿಸಿದ್ಲು' ಅಂತ ಬೈದ್ರು. ಅದು ನಾನೇ ಅಂತ ಅವರು ಸಾಯೋವರೆಗೂ ಹೇಳಲಿಲ್ಲ. ಇವತ್ತು ಹೇಳ್ದೆ ಇದ್ರೆ ಅವರ ಹೆಸರು ಹೋಗುತ್ತಲ್ಲ."

ಅವಳದು ಸುಳ್ಳು ಹೇಳುವವರ ಮುಖವಲ್ಲ. ಕೆಮ್ಮು ಸ್ವರದ ನಡುವೆಯೇ ಇದ್ದದ್ದರಿಂದ, ಒಂದು ಗುರುವಾರದ್ದು ಇನ್ನೊಂದು ಶುಕ್ರವಾರದ್ದು ಎಂದು ವಾದಿಸಲೂ ದಾರಿಯಿರಲಿಲ್ಲ. ಹದಿನಾಲ್ಕೂ ಸ್ವರ ಅಂಟಿಲ್ಲದ ಒಂದೇ ತುಣುಕಿನಲ್ಲಿವೆ ಎಂದು ಹಾನಾ ಮೊದಲೇ ತೋರಿಸಿದ್ದಳು.

"ಗುರುವಾರದ ಟೇಪು ಪೂರ್ತಿ ಇದ್ಯಾ?" ಎಂದು ಹಾನಾಳನ್ನು ಕೇಳಿದೆ. ನನ್ನದು ಹೇಗಿತ್ತೆಂದಾದರೂ ತಿಳಿಯಬೇಕಿತ್ತು.

"ಇಲ್ಲ. ಆಗ ಟೇಪಿಗೆ ಬರ ಇತ್ತಂತೆ. ಮಿಕ್ಕಿದ್ದನ್ನೆಲ್ಲ ಅಳಿಸಿ ಬೀಟ್‌ರೂಟ್ ಬೇಸಾಯದ ಭಾಷಣ ತುಂಬಿದ್ದಾರೆ." ಆಮೇಲೆ ಕೇಳಿದಳು: "ಈಗಿನ ಯಂತ್ರದಲ್ಲಿ ಆ ಕೆಮ್ಮನ್ನ ತೆಗೆದುಬಿಡಬಹುದು. ತೆಗೀಲಾ? ನೀವು ವಾದಕರು, ನೀವೇ ಹೇಳಿ."

ಲಿಬುಷೆ ತಲೆ ತಗ್ಗಿಸಿದಳು.

"ಇರಲಿ ಬಿಡಮ್ಮ," ಅಂದೆ.

ಒಳ್ಳೆಯತನದಿಂದ ಹೇಳಿದ್ದಲ್ಲ. ಸ್ವರ ಅವನದೇ ಆದರೆ ಕೆಮ್ಮು ಹತ್ತಿಸಿಕೊಂಡೇ ಇರಲಿ, ಯಾವತ್ತಿಗೂ ನೆಟ್ಟಗಾಗದಿರಲಿ ಎಂಬ ಕಿಚ್ಚು. ಅವಳಿಗೇನು ಗೊತ್ತು? ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು.

ಕ್ರಿಸ್‌ಮಸ್ ಹೊತ್ತಿಗೆ ಅಲೋಯಿಸನ ಹೆಸರು ಹೊತ್ತು ಹೊಸ ರೆಕಾರ್ಡು ಬಂತು. ಲಿಬುಷೆ ಗಸಗಸೆಯ ಬನ್ನು ಮಾಡಿ ಅಕ್ಕಪಕ್ಕದವರ ಜೊತೆ ನನ್ನನ್ನೂ ಕರೆದಳು. ಆ ಜಾಗ ಬಂದಾಗ ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ಇದು ನಮ್ಮ ಅಲೋಯಿಸ್," ಅಂದಳು. ಎರಡು ಸಲ ಕೆಮ್ಮು ಕೇಳಿತು. "ಇದು ನಾನು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮುಖ ಮದುಮಗಳ ಮುಖದಂತಿತ್ತು. ನಾನೂ ತಟ್ಟಿದೆ. ಇಷ್ಟು ವರ್ಷ ಗಂಡನ ಸ್ವರಕ್ಕೆ ಹೊಟ್ಟೆ ಉರಿದುಕೊಂಡವನು ಈಗ ಹೆಂಡತಿಯ ಕೆಮ್ಮಿಗೆ ಉರಿದುಕೊಳ್ಳುತ್ತ ಕೂತಿದ್ದೆ. ಟಿಕೆಟ್ ಕೊಂಡು ಬಂದು ಮಹಡಿಯಲ್ಲಿ ಕೂತವಳು ಅದರಲ್ಲಿದ್ದಾಳೆ. ನಾನಿಲ್ಲ.