ಒಂದಿಂಚಿಗೆ ಒಂದೆಳೆ ಕಮ್ಮಿ

ಎಡಗಾಲು ಸಲೀಸಾಗಿ ಹೋಗಿ ಹೊಸ ಫುಟ್‌ರೆಸ್ಟಿನ ಮೇಲೆ ಕೂತಿತು. ಬಲಗಾಲು ಕೂರಲಿಲ್ಲ. ಹೆಬ್ಬೆರಳ ತುದಿ ಮಾತ್ರ ರಬ್ಬರನ್ನು ಮುಟ್ಟಿತು, ಹಿಮ್ಮಡಿ ಗಾಳಿಯಲ್ಲೇ ನಿಂತಿತು. ಮಾಸ್ತರು ಸ್ಕೂಟರಿನ ಸೀಟಿನ ಮೇಲೆ ತುಸು ಮುಂದಕ್ಕೆ ಸರಿದರು. ಈಗ ಬಲಗಾಲು ಕೂತಿತು, ಎಡ ಮಂಡಿ ಮೇಲೆದ್ದಿತು. ಮತ್ತೆ ಹಿಂದಕ್ಕೆ ಸರಿದರು. ಮತ್ತೆ ಬಲಗಾಲು ತೇಲಿತು.

"ಏನಪ್ಪಾ ಇದು? ಎಡಗಡೆದು ಎಚ್ಚರದಲ್ಲಿ ಮಾಡಿದ್ದೀಯ, ಬಲಗಡೆದು ಆಕಳಿಸ್ತಾ ಮಾಡಿದ್ದೀಯ."

ವೆಲ್ಡಿಂಗಿನವನು ಕಪ್ಪು ಕನ್ನಡಕವನ್ನು ಹಣೆಗೇರಿಸಿದ. "ನನ್ನನ್ನ ಅಳೆಯೋಕೆ ಬಿಟ್ರಾ ಮಾಸ್ತರೇ? ನೀವೇ ಅಳೆದು, ಚಿತ್ರ ಬರೆದು, ಕಾಗದ ಮಡಿಚಿ ತಂದ್ರಿ. ಅದರಲ್ಲಿರೋದನ್ನ ಮಾಡಿದ್ದೀನಿ."

ಮಾತು ನಿಜವೇ. ಕಾಗದ ಅಲ್ಲೇ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಪೆನ್ಸಿಲಿನಲ್ಲಿ ಎಳೆದ ಸ್ಕೂಟರು, ಅದರ ಮುಂದಿನ ತಗಡಿನ ಎರಡೂ ಪಕ್ಕದಿಂದ ಮೀಸೆಯ ಹಾಗೆ ಹೊರಗೆ ಚಾಚಿ ಮುಂದಕ್ಕೆ ಬಾಗಿದ ಎರಡು ಕಬ್ಬಿಣದ ಪೈಪು, ಪೈಪಿನ ತುದಿಗೆ ಕಾಲಿಡಲು ರಬ್ಬರು ಸುತ್ತಿದ ಪಟ್ಟಿ. ಪ್ರತಿ ಗೆರೆಯ ಪಕ್ಕದಲ್ಲೂ ಇರುವೆಯಷ್ಟು ಸಣ್ಣ ಅಂಕಿಗಳು.

ಮಾಸ್ತರು ಅಂದರೆ ಶಾಲೆಯ ಮಾಸ್ತರಲ್ಲ. ಹೊಲಿಗೆ ಮಿಷನ್ ರಿಪೇರಿ ಮಾಡುವವರು. ಅವರು ಹೋಗಿ ಬರುವ ಬೀದಿಗಳಲ್ಲಿ ಹೊಲಿಯುವ ಹೆಂಗಸರು ಅವರಿಗೆ ಎಳೆ ಮಾಸ್ತರು ಅಂತ ಹೆಸರಿಟ್ಟಿದ್ದರು. ಯಾವ ಮಿಷನ್ ನೋಡಿದರೂ ಅವರ ಬಾಯಲ್ಲಿ ಬರುವುದು ಅದೇ ಮಾತು: ಸೂಜಿ ಒಂದೆಳೆ ಮೇಲಿದೆ, ಶಟಲ್ ಒಂದೆಳೆ ಹಿಂದಿದೆ, ಬೆಲ್ಟು ಒಂದೆಳೆ ಸಡಿಲ. ಮೊದಲು ಕಣ್ಣು ಮುಚ್ಚಿ ಸದ್ದು ಕೇಳುವರು, ಆಮೇಲೆ ಸ್ಕ್ರೂಡ್ರೈವರ್ ಹಿಡಿಯುವರು. ಮಿಷನ್ನನ್ನು ಅದು ಇರುವ ಮನೆಯಲ್ಲೇ ನೋಡಬೇಕು ಅನ್ನುವುದು ಅವರ ಹಟ. ಹೊತ್ತು ತಂದು ಅಂಗಡಿಯಲ್ಲಿಟ್ಟರೆ, ಡಾಕ್ಟರ ಮುಂದೆ ಕೆಮ್ಮು ನಿಂತುಹೋಗುವ ಹಾಗೆ, ಅದು ತನ್ನ ರೋಗ ಬಚ್ಚಿಟ್ಟುಕೊಳ್ಳುತ್ತದಂತೆ. ಅರ್ಧಕ್ಕರ್ಧ ರೋಗ ಮಿಷನ್ನಿನದ್ದೂ ಅಲ್ಲ. ಮೇಜಿನ ಕಾಲಿನದ್ದು, ನೆಲದ್ದು, ಇಲ್ಲವೇ ಕೂತವರದ್ದು.

"ಮಿಷನ್ ಸರಿಯಾಗೇ ಇದೆ ತಾಯಿ. ನೀವು ಕೂರೋದು ಸೊಟ್ಟ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಅವರು ಅಂದರೆ, ಹೆಂಗಸರು ಬೈದುಕೊಂಡೇ ನೆಟ್ಟಗೆ ಕೂರುತ್ತಿದ್ದರು. ದಾರ ತುಂಡಾಗುವುದು ನಿಲ್ಲುತ್ತಿತ್ತು.

ಇಂಥ ತಿರುಗಾಟಕ್ಕೆ ಸ್ಕೂಟರೇ ಕಾಲು. ಅದರಲ್ಲಿ ಕಾಲಿಡುವ ಜಾಗದಲ್ಲಿ ಕಬ್ಬಿಣದ ಹತಾರದ ಪೆಟ್ಟಿಗೆ, ಅದರ ಮೇಲೆ ಹಗ್ಗದಲ್ಲಿ ಬಿಗಿದ ಇನ್ನೊಂದು ಮಿಷನ್. ಯಾರದಾದರೂ ಮಿಷನ್ ಬಿಚ್ಚಿದರೆ ಅಷ್ಟು ಹೊತ್ತು ಅವರ ಹೊಲಿಗೆ ನಿಲ್ಲಬಾರದು ಅಂತ ಇದನ್ನು ಕೂರಿಸಿಕೊಡುವುದು. ಹೀಗಾಗಿ ಸ್ಕೂಟರಿನಲ್ಲಿ ಎಲ್ಲದಕ್ಕೂ ಜಾಗ ಇತ್ತು, ಮಾಸ್ತರ ಪಾದಕ್ಕೆ ಒಂದು ಬಿಟ್ಟು. ಇಪ್ಪತ್ತಾರು ವರ್ಷ ಅವರ ಎರಡು ಕಾಲೂ ಆಚೆ ಈಚೆ ನೇತಾಡಿಕೊಂಡೇ ಊರು ಸುತ್ತಿದ್ದವು.

ಸೊಂಟದ ಕೀಲು ಸವೆದಿದೆ ಎಂದು ಡಾಕ್ಟರು ಹೇಳಿ ವರ್ಷದ ಮೇಲಾಗಿತ್ತು. ಮುಂದಿನ ಸಲ ಬನ್ನಿ, ಕಾಲು ಅಳೆದು ನೋಡೋಣ ಎಂದಿದ್ದರು. ಆ ಮುಂದಿನ ಸಲ ಬರಲೇ ಇಲ್ಲ. ಈಚೆಗೆ ಮೂರು ಮನೆ ತಿರುಗುವಷ್ಟರಲ್ಲಿ ನೋವು ತೊಡೆಗಿಳಿದು, ಇಳಿದ ಕೂಡಲೇ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ದಾರ, ಗುಂಡಿ, ಲೈನಿಂಗ್ ಬಟ್ಟೆಯ ಅಂಗಡಿ ಇಟ್ಟಿದ್ದ ಭಾವಮೈದ ಇದನ್ನು ಒಂದು ದಿನ ಕಣ್ಣಾರೆ ಕಂಡ.

"ಭಾವ, ಸಾಕು ಈ ಸರ್ಕಸ್ಸು. ಅಂಗಡಿ ಕಿಟಕಿ ಪಕ್ಕ ಕುರ್ಚಿ ಹಾಕಿಸಿದ್ದೀನಿ. ದಿಂಬೂ ಇಟ್ಟಿದ್ದೀನಿ. ಮಿಷನ್‌ಗಳೇ ನಿಮ್ಮನ್ನ ಹುಡುಕಿಕೊಂಡು ಬರಲಿ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಮಾಸ್ತರು ತಿಂಗಳ ಕೊನೆಯವರೆಗೆ ವಾಯಿದೆ ಕೇಳಿದರು. ಕಾಲು ಮುಂದೆ ಚಾಚಿ ಕೂತರೆ ನೋವಿಲ್ಲ. ಹಾಗೆ ಕೂತು ಓಡಿಸಲು ಆದರೆ ಸರಿ, ಆಗದಿದ್ದರೆ ದಿಂಬಿನ ಕುರ್ಚಿಯೇ ಗತಿ ಎಂದು ಒಪ್ಪಿಕೊಂಡರು. ಬ್ರೇಕುಗಳೆರಡೂ ಕೈಯಲ್ಲಿರುವ ಸ್ಕೂಟರಾದ್ದರಿಂದ ವೆಲ್ಡಿಂಗಿನವನೂ ಸೈ ಅಂದ. ಮಾಸ್ತರು ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಎಡಗಾಲು ಚಾಚಿ, ಹಿಮ್ಮಡಿ ಬಿದ್ದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಮೂರು ಸಲ ಅಳೆದರು. ಬಲಗಾಲನ್ನು ಅಳೆಯಲಿಲ್ಲ. ಜೋಡಿಯಲ್ಲಿ ಒಂದನ್ನು ಅಳೆದ ಮೇಲೆ ಇನ್ನೊಂದನ್ನು ಅಳೆಯುವುದು ಏನಿದೆ.

"ಟೇಪು ತಾ," ಅಂದರು ಈಗ.

ವೆಲ್ಡಿಂಗಿನವನು ಎಡಗಡೆ ಹಿಡಿದು ತೋರಿಸಿದ. ಬಲಗಡೆ ಹಿಡಿದು ತೋರಿಸಿದ. "ನೋಡ್ಕೊಳ್ಳಿ. ನಿಮ್ಮ ಭಾಷೆಯಲ್ಲೇ ಹೇಳ್ತೀನಿ, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ."

"ಮತ್ತೆ ಕಾಲು ಯಾಕೆ ಮುಟ್ಟಲ್ಲ?"

"ಅದೇ ಮಾಸ್ತರೇ, ಕುಣಿಯೋಕೆ ಬಾರದ…" ಅಂದವನು ಅಲ್ಲಿಗೇ ನುಂಗಿಕೊಂಡ. "ಒಂದು ಗಳಿಗೆ ಕೆಳಗಿಳಿದು ನಿಂತ್ಕೊಳ್ಳಿ. ನೆಟ್ಟಗೆ."

ಮಾಸ್ತರು ಇಳಿದು ನಿಂತರು. ಅವನು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಗೇಟು ಕೂರಿಸುವಾಗ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ.

"ಬೆಲ್ಟು ಬಲಕ್ಕೆ ಇಳಿದಿದೆ. ಆದರೆ ಪ್ಯಾಂಟಿನ ತುದಿ ಎರಡೂ ಕಡೆ ಸಮವಾಗಿದೆ. ಮೇಲೆ ಸೊಟ್ಟ ಇದ್ದು ಕೆಳಗೆ ನೆಟ್ಟಗೆ ಬರೋದು ಹೆಂಗೆ?" ಹತ್ತಿರ ಬಂದು ಕೇಳಿದ, "ಪ್ಯಾಂಟು ಯಾರು ಹೊಲಿಯೋದು?"

"ಇನ್ಯಾರು, ಮನೆಯವಳು."

ವೆಲ್ಡಿಂಗಿನವನು ಕನ್ನಡಕ ಇಳಿಸಿಕೊಂಡು, ಯಾರದೋ ಕಿಟಕಿಯ ಸರಳಿಗೆ ಬೆಸುಗೆಯ ಕಡ್ಡಿ ತಾಗಿಸಿದ. ನೀಲಿ ಬೆಳಕು ಚಟಚಟ ಎಂದು ಸಿಡಿಯಿತು.

ಮಾಸ್ತರು ಮನೆಗೆ ಬಂದಾಗ ಹೆಂಡತಿ ಇರಲಿಲ್ಲ, ಹಿಂದಿನ ಬೀದಿಗೆ ಯಾರದೋ ರವಿಕೆಯ ಅಳತೆಗೆ ಹೋಗಿದ್ದಳು. ಮಧ್ಯಾಹ್ನದ ಬಿಸಿಲು ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿದ್ದಿತ್ತು. ಮಾಸ್ತರು ಬೀರು ತೆಗೆದು ತಮ್ಮ ಪ್ಯಾಂಟುಗಳನ್ನೆಲ್ಲ ತಂದು ಅದರ ಮೇಲೆ ಹಾಕಿದರು. ಐದು ಇದ್ದವು. ಒಂದೊಂದನ್ನೇ ಎತ್ತಿ, ಹೊಲಿಗೆಗೆ ಹೊಲಿಗೆ ಕೂಡಿಸಿ, ಕಾಲಿನ ಮೇಲೆ ಕಾಲು ಮಡಿಚಿ ಹಾಸಿದರು.

ಬಣ್ಣ ಮಾಸಿದ ಬೂದು ಪ್ಯಾಂಟು ತುಂಬ ಹಳೆಯದು. ಅದರ ಎರಡು ತುದಿಯೂ ಸಮ. ಮುಂದಿನ ಎರಡರಲ್ಲಿ ಬಲಗಾಲು ಅರ್ಧ ಇಂಚು ಒಳಗಿತ್ತು. ನಾಲ್ಕನೆಯದರಲ್ಲಿ ಮುಕ್ಕಾಲು. ಹೋದ ತಿಂಗಳು ಹೊಲಿದ ಕಂದು ಪ್ಯಾಂಟಿಗೆ ಟೇಪು ಹಿಡಿದು, ಕಿಟಕಿಯ ಹತ್ತಿರ ಒಯ್ದು, ಇನ್ನೊಮ್ಮೆ ಹಿಡಿದರು. ಬಲಗಾಲಿನ ಒಳಗಡೆಯ ಮಡಿಕೆ ಎಡಗಾಲಿನದ್ದಕ್ಕಿಂತ ಹೆಚ್ಚುಕಮ್ಮಿ ಒಂದಿಂಚು ಅಗಲ. ಕೈಹೊಲಿಗೆ. ದಾರ ಹೊರಗೆ ಚುಕ್ಕೆಯಷ್ಟೂ ಕಾಣದ ಹಾಗೆ ಹಾಕಿದ್ದಳು. ಬೇರೆಯವರದಾಗಿದ್ದರೆ, ಎಂಥಾ ಕೈ ಎಂದು ಮೆಚ್ಚಬೇಕಾದ ಕೆಲಸ.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಹೆಂಡತಿ ಕೊರಳಲ್ಲಿ ಟೇಪು ಹಾಕಿಕೊಂಡೇ ಒಳಗೆ ಬಂದಳು. ಮೇಜು ನೋಡಿದಳು, ಗಂಡನ ಮುಖ ನೋಡಿದಳು. ಟೇಪು ತೆಗೆದು ಮೊಳೆಗೆ ಹಾಕಿದಳು.

"ಇಸ್ತ್ರಿ ಮಾಡಿಟ್ಟಿದ್ದೆ. ಎಲ್ಲಾ ಎಳೆದು ಹಾಕಿದ್ರಾ?"

"ಯಾವಾಗಿಂದ?"

"ಮೂರು ವರ್ಷ ಆಯ್ತು." ಅವಳು ಬೂದು ಪ್ಯಾಂಟನ್ನು ಎತ್ತಿ ಮಡಿಚತೊಡಗಿದಳು. "ಬಲಗಾಲಿನ ತುದಿ ನೆಲ ಗುಡಿಸ್ತಿತ್ತು, ದಿನಾ ಮಣ್ಣು. ಮಡಿಚಿ ಹಾಕಿದೆ. ಅಷ್ಟೇ."

"ಹೇಳೋದಲ್ವಾ?"

"ಹೇಳಿದ್ದರೆ ಕಾಲು ಬೆಳೀತಿತ್ತಾ?"

ಮಾಸ್ತರು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. "ಊರಿಗೆಲ್ಲ ನೆಟ್ಟಗೆ ಕೂರಿ ಅಂತ ಹೇಳ್ಕೊಂಡು ತಿರುಗಿದೆನಲ್ಲೇ. ಅವರೆಲ್ಲ ನನ್ನ ಬೆನ್ನ ಹಿಂದೆ ಏನಂದುಕೊಂಡಿರಬೇಕು."

"ಏನೂ ಅಂದುಕೊಂಡಿಲ್ಲ. ನಿಮ್ಮ ಹೆಜ್ಜೆ ಸದ್ದು ಕೇಳಿದ ತಕ್ಷಣ ಟೀ ಇಡ್ತಾರೆ. ಒಂದು ಗಟ್ಟಿ, ಒಂದು ಮೆತ್ತಗೆ, ಒಂದು ಗಟ್ಟಿ, ಒಂದು ಮೆತ್ತಗೆ. ಸ್ಕೂಟರ್ ಸದ್ದು ಕೇಳದಿದ್ದರೂ ಮೆಟ್ಟಿಲ ಮೇಲೆ ಅದು ಕೇಳುತ್ತೆ."

"ನನಗೆ ಕೇಳಲಿಲ್ಲ."

"ಎಂಥೆಂಥ ಮಿಷನ್ ಸದ್ದು ಹಿಡಿಯೋ ಕಿವಿ. ಇದು ಕೇಳಲಿಲ್ಲ ಅಂದ್ರೆ, ಕೇಳೋದು ಬೇಡವಾಗಿತ್ತು ಅಂತ ಅರ್ಥ. ಬೇಡ ಅಂದವರಿಗೆ ನಾನ್ಯಾಕೆ ಕೇಳಿಸಲಿ?"

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

"ಮೂರು ವರ್ಷದ ಹಿಂದೆಯೇ ಅಂದಿದ್ದರೆ," ಅಂದರು ಮಾಸ್ತರು ನಿಧಾನವಾಗಿ, "ಆಗಲೇ ನಿನ್ನ ತಮ್ಮ ನನ್ನನ್ನ ಹಿಡಿದುಕೊಂಡು ಹೋಗಿ ಆ ಕುರ್ಚಿ ಮೇಲೆ ಕೂರಿಸ್ತಿದ್ದ."

"ಅದಕ್ಕೇ ಹೇಳಲಿಲ್ಲ."

ಅವಳು ನಾಲ್ಕು ಪ್ಯಾಂಟು ಮಡಿಚಿ ಒಂದರ ಮೇಲೊಂದು ಇಟ್ಟಳು. ಐದನೆಯದನ್ನು, ಕಂದು ಬಣ್ಣದ್ದನ್ನು, ಮಡಿಚಲಿಲ್ಲ. ಗಂಡನ ಮಡಿಲ ಮೇಲೆ ಹಾಕಿ ಒಲೆಯ ಕಡೆ ಹೋದಳು.

ಮರುದಿನ ವೆಲ್ಡಿಂಗಿನವನು ಶಟರ್ ಎತ್ತುವ ಹೊತ್ತಿಗೆ ಮಾಸ್ತರು ಕಂಕುಳಲ್ಲಿ ಪ್ಯಾಂಟು ಇಟ್ಟುಕೊಂಡು ಅವನ ಬಾಗಿಲಲ್ಲಿದ್ದರು.

"ನಿನ್ನೆ ಆಕಳಿಸ್ತಾ ಮಾಡಿದ್ದೀಯ ಅಂದೆ. ತಪ್ಪಾಯ್ತು. ಬಲಗಡೆದನ್ನ ಇದರ ಅಳತೆಗೆ ಹಿಂದಕ್ಕೆ ತಾ."

ಅವನು ಪ್ಯಾಂಟು ಬಿಡಿಸಿ ಕಾಲುಗಳನ್ನು ಜೋಡಿಸಿ ನೋಡಿದ. ನಗು ತಡೆಯಲಾಗಲಿಲ್ಲ. "ಗಾಡಿಗೆ ತಕ್ಕ ಹಾಗೆ ಪ್ಯಾಂಟು ಹಾಕಿಕೊಳ್ಳೋರನ್ನ ನೋಡಿದ್ದೀನಿ. ಪ್ಯಾಂಟಿಗೆ ತಕ್ಕ ಹಾಗೆ ಗಾಡಿ ಮಾಡಿಸೋರು ನೀವೇ ಮೊದಲು. ಒಂದಿಂಚು, ಅಲ್ವಾ?"

"ಒಂದಿಂಚಲ್ಲ. ಒಂದಿಂಚಿಗೆ ಒಂದೆಳೆ ಕಮ್ಮಿ."

"ಸರಿ ಬಿಡಿ, ಜೀವ ಬಂತು ಮಾಸ್ತರಿಗೆ."

ಬೆಸುಗೆ ಒಡೆದು ಪಟ್ಟಿ ಬಿಚ್ಚಿದ. ಈ ಸಲ ಅದನ್ನು ಪೈಪಿಗೆ ಬೆಸೆಯಲಿಲ್ಲ. ಬೋಲ್ಟು ಹಾಕಿ ಬಿಗಿಯುತ್ತೇನೆ ಅಂದ. ಡ್ರಿಲ್ಲು ಹಿಡಿದು ಪೈಪಿನಲ್ಲಿ ಮಾಸ್ತರು ಗುರುತು ಮಾಡಿದಲ್ಲಿ ಒಂದು ತೂತು ಕೊರೆದ. ಆಮೇಲೆ ಅವರನ್ನು ಕೇಳದೆ, ಅದರ ಹಿಂದೆ ಬೆರಳಗಲ ಬಿಟ್ಟು ಇನ್ನೊಂದು ಕೊರೆದ. ಅದರ ಹಿಂದೆ ಮತ್ತೊಂದು. ಕಬ್ಬಿಣದ ಸುರುಳಿ ಚೂರುಗಳು ನೆಲಕ್ಕೆ ಬಿದ್ದವು.

ಮಾಸ್ತರು ಅವನ್ನೇ ನೋಡುತ್ತ ನಿಂತರು. "ಅವೆರಡು ಯಾಕೆ?"

ಅವನು ತಲೆ ಎತ್ತಲಿಲ್ಲ. "ಇರಲಿ ಅಂತ. ಬೇಕಾದಾಗ ನಾನೇ ಇರ್ತೀನೋ ಇಲ್ಲವೋ. ಒಂದು ಸ್ಪಾನರ್ ಇದ್ದರೆ ನೀವೇ ಹಿಂದಕ್ಕೆ ಹಾಕ್ಕೋಬಹುದು."

ಎದುರಿನ ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಮಿಷನ್ ಗುರುಗುಟ್ಟಿ ನಿಂತಿತು. ಮಾಸ್ತರು ಬಗ್ಗಿ, ಕಿರುಬೆರಳನ್ನು ಮೊದಲನೆಯ ಖಾಲಿ ತೂತಿಗೆ ಹಾಕಿ ತಿರುಗಿಸಿ ನೋಡಿದರು. ಒರಟಾಗಿತ್ತು.

"ಅಂಚು ಉಜ್ಜು," ಅಂದರು. "ಗ್ರೀಸೂ ಹಚ್ಚು. ಖಾಲಿ ಬಿಟ್ಟರೆ ತುಕ್ಕು ಹಿಡಿಯುತ್ತೆ, ಆಮೇಲೆ ಬೋಲ್ಟು ಇಳಿಯಲ್ಲ."

ಅವನು ಗ್ರೀಸಿನ ಡಬ್ಬಿ ತೆಗೆದ.

ಸ್ಕೂಟರ್ ಹತ್ತಿ ಕೂತಾಗ ಎಡಗಾಲು ಹೋಗಿ ಕೂತಿತು. ಬಲಗಾಲೂ ಹೋಗಿ ಕೂತಿತು. ಮಾಸ್ತರು ಹಿಂದಕ್ಕೆ ಮುಂದಕ್ಕೆ ಸರಿಯಲಿಲ್ಲ. ಕಣ್ಣು ಮುಚ್ಚಿ, ಮಿಷನ್ ಸದ್ದು ಕೇಳುವಾಗ ಕೂರುವ ಹಾಗೆ, ಸ್ವಲ್ಪ ಹೊತ್ತು ಕೂತಿದ್ದರು. ಅಲ್ಲಿಂದ ಭಾವಮೈದನ ಅಂಗಡಿಗೆ ಹೋಗಿ, ಇಳಿಯದೆ, ರಸ್ತೆಯಿಂದಲೇ ಹೇಳಿದರು: "ಆ ಕುರ್ಚಿ ಮೇಲೆ ನೀನೇ ಕೂತ್ಕೋಪ್ಪ. ದಿಂಬು ಮಾತ್ರ ತೆಗೆದಿಡು, ಮುಂದೆ ನೋಡೋಣ." ಅವನು ಕೌಂಟರಿನಿಂದ ಕತ್ತು ಚಾಚಿ ಫುಟ್‌ರೆಸ್ಟುಗಳನ್ನು ನೋಡಿ, "ಭಾವ, ಒಂದು ಹಿಂದಿದೆ, ಸರಿಯಾಗಿ ನೋಡಿ ತಗೊಂಡ್ರಾ?" ಎಂದ. "ಸರಿಯಾಗಿ ನೋಡಿಯೇ ತಗೊಂಡಿದ್ದು," ಅಂದರು ಮಾಸ್ತರು.

ಮಾರನೆಯ ಬೆಳಿಗ್ಗೆ ಹತಾರದ ಪೆಟ್ಟಿಗೆ ಏರಿಸಿ, ಅದರ ಮೇಲೆ ಮಿಷನ್ ಕೂರಿಸಿ ಹಗ್ಗ ಬಿಗಿಯುವಾಗ ಹೆಂಡತಿ ಬಾಗಿಲಿಗೆ ಬಂದಳು. ಅವಳ ಒಂದು ಕೈಯಲ್ಲಿ ಎರಡು ಗುಂಡುಪಿನ್ನು, ಇನ್ನೊಂದರಲ್ಲಿ ಯಾರದೋ ಅರ್ಧ ಹೊಲಿದ ತೋಳು. ಮಾಸ್ತರು ಕಂದು ಪ್ಯಾಂಟು ಹಾಕಿದ್ದರು.

"ಮಧ್ಯಾಹ್ನ ಊಟಕ್ಕೆ ಬರ್ತೀರಾ?"

"ಐದು ಮನೆ ಇದೆ. ನೋಡ್ತೀನಿ."

ಅವಳು ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ತಲೆಯಾಡಿಸಿದಳು. ಸ್ಕೂಟರು ಹೊರಟಿತು. ಬೀದಿಯ ಕೊನೆಯಲ್ಲಿ ಅದು ಎಡಕ್ಕೆ ಹೊರಳಿದಾಗ ಒಂದು ಗಳಿಗೆ ಅವರು ಪಕ್ಕದಿಂದ ಕಂಡರು. ಬೆನ್ನು ನೆಟ್ಟಗಿತ್ತು. ಮುಂದೆ ಚಾಚಿದ ಕಾಲುಗಳು ಕೂತವರ ಕಾಲುಗಳ ಹಾಗಿರಲಿಲ್ಲ. ನಡೆಯುವವರ ಕಾಲುಗಳ ಹಾಗೆ ಒಂದು ಮುಂದಿತ್ತು, ಒಂದು ಅದರ ಹಿಂದಿತ್ತು.