ಬುತ್ತಿ ಬುಟ್ಟಿಗೆ ಆದ ಜಾಗ

ಇವತ್ತೊಂದು ದಿನ ಆ ಮಾತನ್ನು ಬಿಟ್ಟುಬಿಟ್ಟರೆ ಯಾರಿಗೆ ತಾನೆ ಗೊತ್ತಾದೀತು? ನಾಯಿ ಬಾಯಿ ಆಡಿಸುತ್ತದೆ, ಅದಕ್ಕೆ ಏನೋ ಒಂದು ಹೊಂದಿಸಿದರಾಯಿತು. ಹಸಿವು ಅನ್ನಬಹುದು, ಸೆಕೆ ಅನ್ನಬಹುದು. ಪರದೆಯ ಮೇಲಿನ ನಾಯಿ ಇಂಗ್ಲಿಷಿನಲ್ಲಿ ನಿಜಕ್ಕೂ ಏನಂದಿತೆಂದು ವಿಚಾರಿಸುವವರು ಚನ್ನರಾಯಪಟ್ಟಣದಲ್ಲಿ ಯಾರಿದ್ದಾರೆ? ಹಾಗಂದುಕೊಂಡರೂ ಪಾಲಾಕ್ಷನಿಗೆ ಸಮಾಧಾನವಾಗಲಿಲ್ಲ. ಮುಂದಿದ್ದ ಕಾಫಿ ಆರಿ ಕೆನೆಗಟ್ಟಿತ್ತು. ಹೊತ್ತು ಮುಳುಗಿದರೆ ಆಟ ಶುರು. ಇವತ್ತಿನ ಆಟಕ್ಕೆ ಅವನ ಹೆಂಡತಿ ಸುವರ್ಣ ಬರುತ್ತಾಳೆ.

ಹೋಟೆಲಿನಲ್ಲಿ ಅದೇ ಸುದ್ದಿ ನಡೆದಿತ್ತು. ಕೆರೆ ಬಯಲಿನ ಟೆಂಟಿಗೆ ನಾಯಿ ಪಿಕ್ಚರು ಬಂದು ವಾರ ಕಳೆದಿದ್ದರೂ ಜನಕ್ಕೆ ಅದರ ಮಾತು ಮುಗಿದಿರಲಿಲ್ಲ. ಕತೆ ಅಂತ ಹೆಚ್ಚೇನಿಲ್ಲ. ಬಿಳಿಯರ ಒಂದು ಸಂಸಾರ ರಜಕ್ಕೆಂದು ಕಾರು ಹತ್ತಿ ಸಮುದ್ರದ ದಂಡೆಗೆ ಹೋಗುತ್ತದೆ. ಮನೆಯಲ್ಲಿ ಬಿಟ್ಟುಹೋದ ಎರಡು ನಾಯಿಗಳು ಲಾರಿ, ರೈಲು ಹತ್ತಿ, ಬಿದ್ದು ಎದ್ದು ಅವರನ್ನು ಹುಡುಕಿಕೊಂಡು ಹೋಗುತ್ತವೆ. ನಾಯಿಗಳು ತಮ್ಮತಮ್ಮಲ್ಲಿ ಆಡುವ ಮಾತು ನೋಡುವವರಿಗೆ ಕೇಳುತ್ತದೆ, ಆ ಮನೆಯವರಿಗೆ ಕೇಳುವುದಿಲ್ಲ. ಟೆಂಟಿನಲ್ಲಿ ಅದನ್ನು ಮೈಕಿನಲ್ಲಿ ಕನ್ನಡ ಮಾಡಿ ಹೇಳುವವನು ಪಾಲಾಕ್ಷ. ಇಂಥದಕ್ಕೆಲ್ಲ ದುಡ್ಡು ಸುರಿಯುವ ದೇಶ ಉದ್ಧಾರವಾಗುವುದಿಲ್ಲ ಎಂದರು ಪೋಸ್ಟ್‌ಮಾಸ್ಟರು. ಅವರು ಎರಡು ಸಲ ನೋಡಿದ್ದರು. ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ, ದೊಡ್ಡ ನಾಯಿಗಿಂತ ಸಣ್ಣದೇ ಚೆನ್ನಾಗಿ ಆಕ್ಟು ಮಾಡಿದೆ ಎಂದು ಬಸ್ಸು ಬಿಡುವ ತನಕ ವಾದಿಸಿ ಹೋದ. ನಾಯಿ ಮಾತಾಡುವುದು ಮನೆಗೆ ಒಳ್ಳೆಯದಲ್ಲ ಎಂದು ಹೋಟೆಲಿನವರ ಮುದುಕಿ ಒಳಗಿಂದಲೇ ಗೊಣಗಿದಳು.

ಕಾಯಿ ಸುಲಿಯುವ ಹುಚ್ಚಯ್ಯ ಹೊರಗೆ ಜಗಲಿಯ ಮೇಲೆ ಲೋಟ ಹಿಡಿದು ಕೂತಿದ್ದ. ಪಾಲಾಕ್ಷ ಎದ್ದು ಹೊರಬಂದಾಗ ತಡೆದ.

"ನಾಯಿ ವಟ್ಟೆ ಒಳಗಿರೋದು ನಿಮ್ಗೆ ಎಂಗೆ ಗೊತ್ತಾಯ್ತು ಸಾ? 'ಬುತ್ತಿ ಬುಟ್ಟಿಗೆ ಜಾಗ ಆಯ್ತು, ನಂಗಾಗ್ಲಿಲ್ಲ.' ನಮ್ಮ ಐಕ್ಳು ಅದ್ನೇ ಯೋಳ್ಕಂಡು ಬಿದ್ದು ಬಿದ್ದು ನಗ್ತವೆ ಕಣ್ ಸಾ. ಇವತ್ತೂ ಬತ್ತೀನಿ, ಅದ್ಕೇಯ."

ಪಾಲಾಕ್ಷ ನಕ್ಕಂತೆ ಮಾಡಿ ನಡೆದ.

ಆ ಮಾತು ನಾಯಿಯದಾಗಿರಲಿಲ್ಲ. ದಸರೆಗೆ ಅಣ್ಣನ ಮನೆಯವರು ಬಾಡಿಗೆ ಕಾರು ಮಾಡಿಕೊಂಡು ಮೈಸೂರಿಗೆ ಹೊರಟಿದ್ದರು. ಮುಂದೆ ಅಣ್ಣ, ಹಿಂದೆ ಅತ್ತಿಗೆ ಕಮಲಾಕ್ಷಮ್ಮ ಮತ್ತು ಮಕ್ಕಳು. ಮೈಸೂರಿನಲ್ಲಿ ಓದಿದವನು, ಎಲ್ಲ ತೋರಿಸಬಲ್ಲ ಎಂದು ಪಾಲಾಕ್ಷನನ್ನೂ ಕೂರಿಸಿಕೊಂಡಿದ್ದರು. ಸುವರ್ಣ ಮದುವೆಯ ಹಸಿರು ಸೀರೆ ಉಟ್ಟು ಬಾಗಿಲಿಗೆ ಬಂದಾಗ ಅತ್ತಿಗೆ, ಜಾಗ ಸಾಲದು ಕಣೇ, ಹಸು ಕರೆಯೋದಕ್ಕೂ ಒಬ್ಬರು ಬೇಕಲ್ಲ, ಮುಂದಿನ ವರ್ಷ ಬರುವೆಯಂತೆ ಎಂದಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸೀಟಿನ ಮೇಲೆ ಪಾಲಾಕ್ಷನ ಪಕ್ಕದಲ್ಲಿ ರೊಟ್ಟಿ, ಚಟ್ನಿಪುಡಿ, ಮೊಸರನ್ನ ತುಂಬಿದ ದೊಡ್ಡ ಬಿದಿರಬುಟ್ಟಿ ಇತ್ತು. ಅದು ಉರುಳದಂತೆ ಅವನು ಮೈಸೂರಿನವರೆಗೂ ಒಂದು ಕೈ ಆನಿಸಿಕೊಂಡಿದ್ದ. ಬಿ.ಎ. ಮುಗಿಸಿ ಬಂದು, ಕೆಲಸ ಸಿಗದೆ ಅಣ್ಣನ ಕೊಬ್ಬರಿ ಮಂಡಿಯಲ್ಲಿ ಕೂತು ಅಣ್ಣನ ಮನೆಯ ಅನ್ನ ಉಣ್ಣುವವನು ಏನಂತ ಬಾಯಿ ತೆರೆಯುವುದು?

ತಿರುಗಿ ಬಂದ ಮಾರನೆಯ ದಿನ ಸುವರ್ಣ ಆ ಬುಟ್ಟಿಯನ್ನು ತೊಳೆದು ಹಿತ್ತಿಲ ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಪಾಲಾಕ್ಷ ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತಿದ್ದ. ಬುಟ್ಟಿಗೇ ಹೇಳುವಂತೆ ಅವಳು ಆ ಮಾತು ಹೇಳಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅವನು ಇನ್ನೊಂದು ಚೊಂಬು ನೀರು ಮುಖಕ್ಕೆ ಹಾಕಿಕೊಂಡ.

ಶಿವರಾತ್ರಿ ಕಳೆದ ಮೇಲೆ ಟೆಂಟಿನ ಮ್ಯಾನೇಜರ್ ಚಲುವಯ್ಯ ಮಂಡಿಗೆ ಬಂದ. ಇಂಗ್ಲಿಷ್ ಪಿಕ್ಚರು, ಜನಕ್ಕೆ ತಿಳಿಯುವುದಿಲ್ಲ, ಅದರ ಸೌಂಡು ಸಣ್ಣಗೆ ಮಾಡುತ್ತೇನೆ, ನಾಯಿಗಳ ಮಾತನ್ನು ಕನ್ನಡದಲ್ಲಿ ಮೈಕಿನಲ್ಲಿ ಹೇಳಿ ಎಂದ. ಅಣ್ಣ ಲೆಕ್ಕದಿಂದ ತಲೆಯೆತ್ತದೆ, ಹೋಗು, ಓದಿದ್ದು ಇದಕ್ಕಾದರೂ ಬಂತಲ್ಲ ಎಂದಿದ್ದ. ಪಾಲಾಕ್ಷ ಪಿಕ್ಚರನ್ನು ಒಮ್ಮೆ ನೋಡಿ ಮಾತು ಹೊಂದಿಸಿಕೊಂಡ. ಆದರೆ ಮೊದಲ ದಿನವೇ ಒಂದು ಕಡೆ ಮಾತು ಮರೆತುಹೋಯಿತು. ಪರದೆಯ ಮೇಲೆ ಆ ಸಂಸಾರ ಕಾರಿನೊಳಗೆ ಊಟದ ಬುಟ್ಟಿ ಇಟ್ಟುಕೊಂಡು ಬಾಗಿಲು ಹಾಕಿತು, ಕಾರು ಹೊರಟಿತು, ಸಣ್ಣ ನಾಯಿ ಗೇಟಿನಲ್ಲಿ ನಿಂತು ಬಾಯಿ ಆಡಿಸಿತು. ಪಾಲಾಕ್ಷನ ಬಾಯಿಗೆ ಸುವರ್ಣಳ ಮಾತು ತಾನಾಗಿ ಬಂತು. ಟೆಂಟಿಗೆ ಟೆಂಟೇ ಗೊಳ್ಳೆಂದು ನಕ್ಕಿತು. ಓದು ಮುಗಿಸಿ ಊರಿಗೆ ಬಂದ ಮೂರು ವರ್ಷದಲ್ಲಿ ಅವನ ಮಾತಿಗೆ ಯಾರೂ ಹಾಗೆ ತಿರುಗಿ ನೋಡಿರಲಿಲ್ಲ. ಮರುದಿನ ಅವನು ಬೇಕೆಂದೇ ಅದನ್ನು ಹೇಳಿದ.

ಇವತ್ತೂ ಹೊತ್ತು ಮುಳುಗಿ ಟೆಂಟಿನ ನೆತ್ತಿಯ ಮೇಲಿನ ಲೌಡ್‌ಸ್ಪೀಕರಿನಲ್ಲಿ ದೇವರ ಹಾಡು ಹಾಕಿದರು. ಪರದೆಯ ಮಗ್ಗುಲಿನ ಸ್ಟೂಲಿನ ಮೇಲೆ ಕೂತು ಪಾಲಾಕ್ಷ ಹೆಂಗಸರ ಕಡೆ ನೋಡಿದ. ಅಡ್ಡಗೋಡೆಯ ಆಚೆ ಎರಡನೆಯ ಬೆಂಚಿನಲ್ಲಿ ಅತ್ತಿಗೆ, ಮಕ್ಕಳು, ತುದಿಯಲ್ಲಿ ಹಸಿರು ಸೀರೆ. ದೀಪ ಆರಿತು.

ಮೊದಲ ರೀಲು ಓಡುತ್ತಿರುವಷ್ಟು ಹೊತ್ತೂ ಸೆಕೆ ಅನ್ನುವುದೋ ಹಸಿವು ಅನ್ನುವುದೋ ಎಂದೇ ಅವನು ತೂಗುತ್ತಿದ್ದ. ಬುಟ್ಟಿ ಬಂತು. ಕಾರಿನ ಬಾಗಿಲು ಹಾಕಿದರು. ನಾಯಿ ಗೇಟಿನ ಹತ್ತಿರ ಬಂದು ನಿಂತಿತು. ಪಾಲಾಕ್ಷ ಮೈಕನ್ನು ಬಾಯಿಯಿಂದ ದೂರ ಹಿಡಿದ. ನಾಯಿ ಬಾಯಿ ಆಡಿಸಿತು, ಮೆಷಿನ್ನಿನ ಕಟಕಟ ಬಿಟ್ಟರೆ ಇಡೀ ಟೆಂಟಿನಲ್ಲಿ ಒಂದು ಸದ್ದಿಲ್ಲ.

ಮರಳ ಮೇಲೆ ಕೂತಿದ್ದವರ ನಡುವಿನಿಂದ ಹುಚ್ಚಯ್ಯ ಕೂಗಿದ. ಅವನು ಕೂಗಿ ಮುಗಿಸುವ ಮೊದಲೇ ನೆಲದವರು, ಬೆಂಚಿನವರು, ಹಿಂದಿನ ಕುರ್ಚಿಯವರು ಎಲ್ಲರೂ ಸೇರಿಕೊಂಡರು.

"ಬುತ್ತಿ ಬುಟ್ಟಿಗೆ ಜಾಗ ಆಯ್ತು, ನಂಗಾಗ್ಲಿಲ್ಲ."

ನಗು ಟೆಂಟಿನ ಬಟ್ಟೆಯನ್ನೇ ಎತ್ತಿತೇನೋ ಅನ್ನಿಸಿತು. ಹೆಂಗಸರ ಕಡೆಯಿಂದಲೂ ಬಂತು. ಪಾಲಾಕ್ಷ ಆ ಕಡೆ ತಿರುಗಲಿಲ್ಲ. ಮುಂದಿನ ಮಾತಿಗೆ ಮೈಕನ್ನು ಹತ್ತಿರ ತಂದುಕೊಂಡ.

ರೀಲು ಬದಲಿಸುವಾಗ ಚಲುವಯ್ಯ ಬಂದು ಬೀಡಿ ಹಚ್ಚಿದ. "ನೀವು ಮರೆತ್ರೂ ನಮ್ಮ ಜನ ಮರೆಯಾಕಿಲ್ಲ ಬುಡಿ ಸ್ವಾಮಿ. ನಾಳಿಂದ ನಿಮ್ಮನ್ನ ಮನೇಲೇ ಬುಟ್ಟು ಪಿಕ್ಚರ್ ಓಡುಸ್ಬೋದು" ಎಂದು ತಾನೇ ನಕ್ಕ.

ಆಟ ಬಿಟ್ಟ ಮೇಲೆ ಎಲ್ಲರೂ ಒಟ್ಟಿಗೆ ಮನೆಗೆ ನಡೆದರು. ಅತ್ತಿಗೆ ದಾರಿಯುದ್ದಕ್ಕೂ ಮಾತಾಡಿದರು. ನಕ್ಕು ನಕ್ಕು ಪಕ್ಕೆ ನೋವು ಬಂದಿದೆ, ಆ ಬುಟ್ಟಿ ಮಾತಂತೂ ನಮ್ಮ ಚಿಕ್ಕವನಿಗೆ ಬಾಯಿಪಾಠವಾಯಿತು ಎಂದರು. ಆಮೇಲೆ ಹಿಂದೆ ತಿರುಗಿ, "ನಿಂಗೆ ಹೆಂಗನ್ನಿಸ್ತೇ ಸುವರ್ಣ?" ಎಂದು ಕೇಳಿದರು.

"ಚೆನ್ನಾಗಿತ್ತಕ್ಕ" ಎಂದಳು ಸುವರ್ಣ. ಸ್ವಲ್ಪ ದೂರ ನಡೆದ ಮೇಲೆ, "ಕೊನೇಲಿ ಅವನ್ನೂ ಕಾರಲ್ಲಿ ಕೂರಿಸ್ಕೊಂಡ್ರಲ್ಲ" ಎಂದಳು.

ಮನೆಯಲ್ಲಿ ಎಲ್ಲರದೂ ಆದ ಮೇಲೆ ಪಾಲಾಕ್ಷ ಕೊನೆಗೆ ಊಟಕ್ಕೆ ಕೂತ. ಸುವರ್ಣ ಸೀರೆ ಬದಲಿಸಿ ಬಂದು ಬಡಿಸಿದಳು. ಅಡುಗೆಮನೆಯ ಗೋಡೆಯ ಮೊಳೆಗೆ ಬುಟ್ಟಿ ತೂಗಿತ್ತು. ಅವನು ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತ ಕಾದ. ಅವಳು ಕೇಳಲಿ ಎಂದೂ ಕಾದ, ಕೇಳದಿರಲಿ ಎಂದೂ ಕಾದ.

"ಅಲ್ಲಿ ನೀವ್ಯಾಕೆ ಸುಮ್ಮನಾಗ್ಬಿಟ್ರಿ?"

"ಮೈಕು ಕೆಟ್ಟಿತ್ತು."

"ಆಮೇಲೆ ಸರಿಹೋಯ್ತಲ್ಲ."

"ಹೂಂ."

ಅವಳು ಮಜ್ಜಿಗೆ ಹಾಕಿದಳು. ತಟ್ಟೆಯಂಚಿಗೆ ಉಪ್ಪು ಇಟ್ಟಳು. ಅವನು ಕೈ ತೊಳೆದು ಏಳುವಷ್ಟರಲ್ಲಿ ತನ್ನ ತಟ್ಟೆ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ಮುಂದೆ ಅವನಿಗೆ ಅರಕಲಗೂಡಿನಲ್ಲಿ ಕೆಲಸವಾಯಿತು, ಬೇರೆ ಮನೆಯಾಯಿತು. ಅವಳನ್ನು ಎಷ್ಟೋ ಊರಿಗೆ ಕರೆದುಕೊಂಡು ಹೋದ, ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಕಡೆಯೇ ಜಾಗ ಮಾಡಿಕೊಟ್ಟ. ಆ ದಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದಾಗಿತ್ತು ಎಂದು ಮಾತ್ರ ಅವನು ಅವಳಿಗೆ ಎಂದೂ ಹೇಳಲಿಲ್ಲ.