ಅಮ್ಮನಿಗೆ ಬಾರದ ಕೆಲಸ

ಹಿಂದಿನ ಜಗಲಿಯಿಂದ ಸ್ಟೇಪ್ಲರ್ ಸದ್ದು ಮತ್ತೆ ಕೇಳಿಸಿತು. ಕಟಕ್, ಕಟಕ್. ಅದರ ಬೆನ್ನಿಗೇ ಚಾಬಾಳ ನಗು. ರಂಪೈ ಮಡಚುತ್ತಿದ್ದ ಬಾಳೆ ಎಲೆ ತುದಿಯಲ್ಲಿ ಚರ್ರನೆ ಸೀಳಿತು.

ಅವಳ ಕೈಯಲ್ಲಿ ಎಲೆ ಸೀಳಿದ್ದನ್ನು ಆ ಕಾಲುವೆ ದಡದಲ್ಲಿ ಯಾರೂ ಕಂಡವರಿರಲಿಲ್ಲ. ಮದುವೆ ಇರಲಿ, ಹುಡುಗರು ಭಿಕ್ಷುಗಳಾಗುವ ದಿನ ಇರಲಿ, ಎಲೆ ಕೆಲಸಕ್ಕೆ ರಂಪೈಯೇ ಬರಬೇಕು. ಎಲೆಯನ್ನು ಬೆರಳಿನ ಹಾಗೆ ಸಪೂರ ಮಡಚಿ, ಒಂದರ ಬೆನ್ನಿಗೆ ಒಂದು ಕೂರಿಸಿ, ಬಿದಿರಿನ ಕಡ್ಡಿ ಚುಚ್ಚಿದರೆ ಎಲ್ಲಿ ಚುಚ್ಚಿದಳು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಇವತ್ತು ಹುಣ್ಣಿಮೆ. ಸಂಜೆ ಊರೆಲ್ಲ ಕ್ರಥೋಂಗ್ ಎಂಬ ದೀಪದ ದೊನ್ನೆಗಳನ್ನು ನೀರಿಗೆ ತೇಲಿಬಿಡುತ್ತದೆ. ಪೇಟೆಯ ದೊಡ್ಡ ಹೋಟೆಲಿನವರು ಅವಳ ಕೈಯಿಂದಲೇ ನಲವತ್ತು ಬೇಕೆಂದಿದ್ದರು. ಬಾಳೆದಿಂಡಿನ ಬಿಲ್ಲೆಗಳ ಸುತ್ತ ಎಲೆ ಕಟ್ಟಿ, ನಡುವೆ ಚೆಂಡುಹೂ ತುಂಬಿ, ಮೇಣದಬತ್ತಿ, ಊದುಬತ್ತಿ ಸಿಕ್ಕಿಸಿದ ಮೂವತ್ತೆಂಟು ಕ್ರಥೋಂಗ್‌ಗಳು ಒದ್ದೆ ಬಟ್ಟೆಯ ಕೆಳಗೆ ಸಾಲಾಗಿ ಕೂತಿದ್ದವು.

ಆ ಚಾಪೆಯ ಹತ್ತಿರ ಬರುವುದಕ್ಕೆ ಆರು ವರ್ಷದ ಮಗಳು ಚಾಬಾಳಿಗೆ ಅಪ್ಪಣೆ ಇರಲಿಲ್ಲ. ಮಗು ಎಲೆ ಹಿಡಿದರೆ ಎಲೆ ಹಾಳು, ಹೂವು ಹಿಡಿದರೆ ಹೂವು ಹಾಳು. "ಮುಟ್ಟಬೇಡ ಪುಟ್ಟಿ, ಕೈ ಹಿಂದಕ್ಕೆ ಕಟ್ಕೊಂಡು ನೋಡು" ಎನ್ನುತ್ತಿದ್ದಳು ರಂಪೈ. ಚಾಬಾ ಹಾಗೇ ನೋಡುತ್ತಿದ್ದಳು. ಮೂರು ತಿಂಗಳ ಹಿಂದೆ ಸುನಿಸಾ ಬಂದಳು. ಚಾಬಾ ಆಮೇಲೆ ನೋಡುವುದಕ್ಕೂ ಬರಲಿಲ್ಲ.

ಸುನಿಸಾ ರಂಪೈಯ ಗಂಡ ಪ್ರಸಿತ್‌ನ ತಂಗಿ. ಮದುವೆಯಾಗಿ ಒಂಬತ್ತು ವರ್ಷಕ್ಕೂ ಮಕ್ಕಳಾಗಲಿಲ್ಲವೆಂದು ಸುನಿಸಾಳ ಗಂಡ ಬೇರೊಬ್ಬಳನ್ನು ಮನೆಗೆ ಕರೆತಂದಿದ್ದ. ಒಂದು ಸೂಟ್‌ಕೇಸು, ಒಂದು ಅನ್ನ ಬೇಯಿಸುವ ಕುಕ್ಕರು ಹಿಡಿದುಕೊಂಡು ದೋಣಿ ಇಳಿದವಳನ್ನು ಕಂಡು ರಂಪೈಯೇ ಮೊದಲು ಅತ್ತಿದ್ದಳು. ಹಿಂದಿನ ಕೋಣೆ ಗುಡಿಸಿ, ಸೊಳ್ಳೆಪರದೆ ಕಟ್ಟಿಕೊಟ್ಟಿದ್ದೂ ಅವಳೇ. ಎರಡನೇ ವಾರದಲ್ಲಿ ಸುನಿಸಾ, ರಂಪೈ ಕಿತ್ತೆಸೆದ ಎಲೆದಂಟುಗಳನ್ನು ಸೇರಿಸಿ ಕಟ್ಟಿ ಚಾಬಾಳಿಗೆ ಕುದುರೆ ಮಾಡಿಕೊಟ್ಟಳು. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಮಗು ಅದರ ಮೇಲೆ ಕೂತು ಊರೆಲ್ಲ ಓಡಿತು. ಆಮೇಲೆ ಮೊಟ್ಟೆ ಟ್ರೇಯ ಆಮೆ ಬಂತು. ಬಾಟಲಿ ಮುಚ್ಚಳದ ಮೀನು ಬಂತು. ಒಂದಕ್ಕೂ ಮಟ್ಟಸವಾದ ಮುಖವಿಲ್ಲ. ಒಂದು ಸಂಜೆ ಚಾಬಾ ತನ್ನ ದಿಂಬನ್ನು ಎದೆಗವಚಿಕೊಂಡು ಅತ್ತೆಯ ಕೋಣೆಗೆ ನಡೆದಳು. "ಅತ್ತೆ ಒಬ್ಬಳೇ ಮಲ್ಕೊಂಡ್ರೆ ಭಯ ಆಗುತ್ತಂತೆ ಅಮ್ಮ."

ಅಂದಿನಿಂದ ರಂಪೈಗೆ ಹೊಟ್ಟೆಯಲ್ಲಿ ಒಂದು ಕೆಂಡ. ಹೇಳಿಕೊಳ್ಳುವಂಥದ್ದಲ್ಲ. ಬೀದಿಗೆ ಬಿದ್ದು ಬಂದ ಹೆಂಗಸಿನ ಮೇಲೆ ಇದೆಂಥ ಕಿಚ್ಚು ಎಂದು ತನ್ನನ್ನೇ ಬೈದುಕೊಂಡರೆ ಕೆಂಡ ಇನ್ನಷ್ಟು ಕೆಂಪಾಗುತ್ತಿತ್ತು.

ಅವಳು ಕತ್ತರಿ ಕೆಳಗಿಟ್ಟು ಹಿಂದಿನ ಜಗಲಿಗೆ ಹೋದಳು. ಸುನಿಸಾ, ಚಾಬಾ ಇಬ್ಬರೂ ನೆಲದ ಮೇಲೆ ತಲೆಗೆ ತಲೆ ತಾಗಿಸಿ ಕೂತಿದ್ದರು. ನಡುವೆ ಒಂದು ಕ್ರಥೋಂಗ್. ಅದನ್ನು ಕ್ರಥೋಂಗ್ ಎನ್ನಬೇಕು ಅಷ್ಟೆ. ಎಲೆಗಳು ಒಂದೊಂದು ಒಂದೊಂದು ದಿಕ್ಕಿಗೆ ನಿಂತಿದ್ದವು. ಸುತ್ತಲೂ ಸ್ಟೇಪ್ಲರ್ ಪಿನ್ನುಗಳು ಹಲ್ಲಿನ ಹಾಗೆ ಹೊಳೆಯುತ್ತಿದ್ದವು.

"ಬರಬೇಡ ಅಮ್ಮ, ಇನ್ನೂ ಮುಗಿದಿಲ್ಲ!" ಚಾಬಾ ಎರಡೂ ಕೈ ಅಡ್ಡ ಹಿಡಿದಳು.

"ಒಳಗೇನದು?"

"ಕೂದಲು. ನಂದೊಂದು ಚೂರು, ಅತ್ತೇದು ಒಂದು ಚೂರು. ನಮ್ಮ ಕಷ್ಟ ಎಲ್ಲಾ ನೀರಲ್ಲಿ ಹೋಗುತ್ತಂತೆ."

ಸುನಿಸಾ ತಲೆಯೆತ್ತಿ ಅತ್ತಿಗೆಯ ಮುಖ ನೋಡಿದಳು. "ಅಮ್ಮಂದೂ ಒಂದು ಎಳೆ ತಗೊಳ್ಳೋಣ ಕಣೇ" ಎಂದಳು ಅವಸರವಾಗಿ.

"ಅಮ್ಮಂಗ್ಯಾಕೆ? ಅಮ್ಮಂಗೆ ನಲವತ್ತಿದೆಯಲ್ಲ" ಎಂದಳು ಚಾಬಾ. ಮಗುವಿನ ಮನಸ್ಸಿನಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ರಂಪೈಗೆ ಎರಡೇಟು ಹಾಕುವುದಕ್ಕಾದರೂ ಆಗುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬಂಗುಡೆ ಹುರಿದಿದ್ದಳು. ಪ್ರಸಿತ್ ಹೋಟೆಲಿಗೆ ನಲವತ್ತನ್ನೂ ಕೊಟ್ಟು ಬಂದು, ಅಂಗಿ ಬಿಚ್ಚಿ ಬಡಿಸಿಕೊಂಡ. ಮುಳ್ಳು ಬಿಡಿಸುವುದಕ್ಕೆ ಚಾಬಾ ತನ್ನ ತಟ್ಟೆಯನ್ನು ಅತ್ತೆಯ ಕಡೆಗೆ ತಳ್ಳಿದಳು.

"ಆ ಸ್ಟೇಪ್ಲರ್ ಪಿನ್ನೆಲ್ಲ ನೀರಿಗೆ ಹೋದ್ರೆ ಮೀನು ನುಂಗಿ ಸಾಯಲ್ವಾ?" ಎಂದಳು ರಂಪೈ, ಯಾರ ಮುಖವನ್ನೂ ನೋಡದೆ.

ಪ್ರಸಿತ್ ಬಂಗುಡೆಯ ತಲೆ ಚೀಪುತ್ತಾ ನಕ್ಕ. "ಮೀನಿನ ಮೇಲೆ ನಿಂಗೆ ಯಾವತ್ತಿಂದ ಕನಿಕರ ಬಂತು ಮಾರಾಯ್ತಿ? ನಿನ್ನ ತಟ್ಟೇಲಿರೋದು ಎರಡನೇದು."

ಚಾಬಾ ಅನ್ನ ಉಗಿಯುವಷ್ಟು ನಕ್ಕಳು. ಸುನಿಸಾ ನಗಲಿಲ್ಲ. "ಅತ್ತಿಗೆ ಹೇಳೋದು ಸರಿ ಅಣ್ಣ. ಪಿನ್ನು ತೆಗೆದು ಕಡ್ಡಿ ಚುಚ್ತೀನಿ. ನಂಗೆ ಬರಲ್ಲ, ಆದ್ರೂ ನೋಡ್ತೀನಿ" ಎಂದು ಬೆರಳಲ್ಲಿ ಮೀನು ಮುರಿಯತೊಡಗಿದಳು. ಅವಳ ಆ ತಗ್ಗಿದ ದನಿಯನ್ನಂತೂ ರಂಪೈಗೆ ಸಹಿಸಲಾಗಲಿಲ್ಲ. ಎದುರು ಮಾತಾಡಿದ್ದರೆ ಎಷ್ಟೋ ವಾಸಿಯಿತ್ತು.

ಊಟವಾದ ಮೇಲೆ ಮೇಣದಬತ್ತಿ ತರಲೆಂದು ಅವರಿಬ್ಬರೂ ಸೇತುವೆಯಾಚೆಯ ಅಂಗಡಿಗೆ ಹೋದರು. ಪ್ರಸಿತ್ ಜೋಲಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಜಗಲಿಯ ಮೂಲೆಯಲ್ಲಿ ಆ ಸೊಟ್ಟ ಕ್ರಥೋಂಗ್ ಒಂದೇ ಕೂತಿತ್ತು.

ತೇಲುತ್ತದೋ ಇಲ್ಲವೋ ನೋಡೋಣ ಎಂದು ರಂಪೈ ಅದನ್ನು ಮಳೆನೀರಿನ ಹಂಡೆಯಲ್ಲಿ ಬಿಟ್ಟಳು. ಅದು ಕುಡಿದವನ ಹಾಗೆ ಎಡಕ್ಕೆ ವಾಲಿತು. ಮೇಣದಬತ್ತಿ ಹಚ್ಚಿದರೆ ಎಲೆಗೇ ಬೆಂಕಿ ಹತ್ತೀತು. ಎಲ್ಲರ ಮಕ್ಕಳ ಎದುರು ಇದು ಮಗುಚಿದರೆ ಚಾಬಾ ಅತ್ತು ಕರೆಯುವುದಿಲ್ಲವೇ? ಒಂದು ಪಿನ್ನು ಕಿತ್ತರೆ ಸರಿಹೋದೀತು ಅನಿಸಿತು. ಕಿತ್ತಳು. ಆಮೇಲೆ ಇನ್ನೊಂದು. ಪಿನ್ನು ಹೋದ ಕಡೆ ಎಲೆ ಬಿಚ್ಚಿಕೊಂಡಿತು. ಅದನ್ನು ಸರಿಮಾಡಲು ಪಕ್ಕದ್ದನ್ನು ಬಿಚ್ಚಬೇಕಾಯಿತು. ಸರಿಮಾಡುವುದಕ್ಕೆಂದೇ ಬಿಚ್ಚುತ್ತಿದ್ದೇನೆಂದು ಅವಳು ಸ್ವಲ್ಪ ಹೊತ್ತು ನಂಬಿದ್ದಳು. ಕೊನೆಯ ನಾಲ್ಕೈದು ಎಲೆಗಳನ್ನು ಕೀಳುವಾಗ ಆ ನಂಬಿಕೆ ಉಳಿದಿರಲಿಲ್ಲ. ಕೈಗೆ ಒಂದು ಬಗೆಯ ಹಿತವಾಗುತ್ತಿತ್ತು. ದಿಂಡಿನ ಬಿಲ್ಲೆಯನ್ನೂ, ಕೂದಲನ್ನೂ, ಎಲ್ಲವನ್ನೂ ಬಾಳೆಬುಡದ ಗುಂಡಿಗೆ ಹಾಕಿ ಬಂದಳು.

ಆಮೇಲೆ ಕೂತು ಹೊಸದು ಕಟ್ಟಿದಳು. ಹೋಟೆಲಿನ ನಲವತ್ತರಲ್ಲಿ ಒಂದೂ ಅಷ್ಟು ಚೆನ್ನಾಗಿರಲಿಲ್ಲ. ಏಳು ಸುತ್ತಿನ ಎಲೆ, ನಡುವೆ ಗುಲಾಬಿ ತಾವರೆಯ ಮೊಗ್ಗು, ಅದರ ಸುತ್ತ ಮಲ್ಲಿಗೆ. ಯಾರು ನೋಡಿದರೂ ದೇವಸ್ಥಾನದ್ದು ಎನ್ನಬೇಕು.

ಚಾಬಾ ಮೇಣದಬತ್ತಿ ಹಿಡಿದು ಓಡಿಬಂದಳು. ಜಗಲಿಯ ಮೆಟ್ಟಿಲಲ್ಲಿ ನಿಂತುಬಿಟ್ಟಳು.

"ಇದು ಯಾರದ್ದು?"

"ನಿಂದೇ ಪುಟ್ಟಿ. ಅಮ್ಮ ಮಾಡಿದ್ದು."

"ನಂದು ಎಲ್ಲಿ?"

"ಅದು ಮುಳುಗಿಹೋಗ್ತಿತ್ತು. ಅದಕ್ಕೆ ಸರಿಮಾಡಿದೆ."

ಚಾಬಾ ಹತ್ತಿರ ಬಂದಳು. ಅಳುತ್ತಾಳೆ, ಇಲ್ಲವೆ ಕುಣಿಯುತ್ತಾಳೆ ಎಂದು ರಂಪೈ ಕಾದಳು. ಮಗು ಮೇಣದಬತ್ತಿಯನ್ನು ನೆಲಕ್ಕಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿತು. "ಚೆನ್ನಾಗಿದೆ" ಎಂದಿತು. ಮಾಲು ನೋಡಲು ಬಂದವರ ಮಕ್ಕಳು ಹೇಳುವ ಹಾಗೆ. ಆಮೇಲೆ ತಿರುಗಿ ಮೆಟ್ಟಿಲಿಳಿದು, ಮನೆಯನ್ನು ನೆಲದಿಂದ ಎತ್ತಿ ನಿಲ್ಲಿಸಿದ ಕಂಬಗಳ ನಡುವಿನ ನೆರಳಿಗೆ ಹೋಯಿತು.

ಸುನಿಸಾ ಅಂಗಳದಲ್ಲೇ ನಿಂತಿದ್ದಳು. "ನಂಗೆ ಬಯ್ಯೋಕೆ ನಿಮಗೆ ಬಾಯಿತ್ತಲ್ಲ ಅತ್ತಿಗೆ" ಎಂದಳು. ಅವಳ ದನಿ ಮೊದಲ ಸಲ ಗಟ್ಟಿಯಾಗಿತ್ತು. "ಮನೆಯಿಂದ ಹೋಗು ಅನ್ನಬೇಕಿತ್ತು. ಸೂಟ್‌ಕೇಸ್ ತಗೊಂಡು ಹೋಗ್ತಿದ್ದೆ. ಮಗೂದ್ಯಾಕೆ ಮುರಿದ್ರಿ?"

"ನಿಂಗೇನು ಗೊತ್ತು? ಹೆತ್ತವಳು ನಾನು!"

ಮಾತು ಬಾಯಿಂದ ಬಿದ್ದಿತ್ತು. ಪ್ರಸಿತ್‌ನ ಗೊರಕೆ ನಿಂತಿತು. ಸುನಿಸಾ ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಕೊನೆಗೆ ರಂಪೈ ಎದ್ದು ಬಾಳೆಬುಡದ ಗುಂಡಿಗೆ ಹೋದಳು. ಬಾತುಕೋಳಿಗಳು ಎಲೆಗಳನ್ನು ಕೆದಕಿ ಹರಡಿದ್ದವು. ದಿಂಡಿನ ಬಿಲ್ಲೆ ಕಂದಿತ್ತು. ಹರಿಯದೆ ಉಳಿದ ಆರೇಳು ಎಲೆ ಸಿಕ್ಕವು. ಕೂದಲು ಸಿಗಲಿಲ್ಲ. ಅಷ್ಟನ್ನು ಮಡಿಲಲ್ಲಿ ಹಾಕಿಕೊಂಡು ಮನೆಯಡಿಗೆ ಬಗ್ಗಿ ನುಗ್ಗಿದಳು. ಚಾಬಾ ಮಗುಚಿಟ್ಟ ಹಳೇ ದೋಣಿಯ ಮೇಲೆ ಕೂತಿದ್ದಳು.

"ಮುಳುಗಿಹೋಗುತ್ತೆ ಅಂತ ಬಿಚ್ಚಲಿಲ್ಲ ನಾನು" ಎಂದಳು ರಂಪೈ. "ಹೊಟ್ಟೆಕಿಚ್ಚಿಗೆ ಬಿಚ್ಚಿದೆ."

"ಹಂಗಂದ್ರೆ?"

"ನೀವಿಬ್ರೇ ಆಡ್ಕೊಳ್ತೀರ. ನನ್ನ ಸೇರಿಸ್ಕೊಳ್ಳಲ್ಲ. ಅದಕ್ಕೆ."

ಚಾಬಾ ಯೋಚಿಸಿದಳು. "ನೀನು ಕೇಳ್ಲೇ ಇಲ್ಲವಲ್ಲ."

"ಈಗ ಕೇಳ್ತಿದ್ದೀನಿ" ಎಂದಳು ರಂಪೈ.

ಮಗು ದೋಣಿಯಿಂದಿಳಿದು ಅಮ್ಮನ ಮಡಿಲಿನ ಎಲೆಗಳನ್ನು ಒಂದೊಂದೇ ಎತ್ತಿ ನೋಡಿತು. "ಇದು ನಾನು ಮಡಚಿದ್ದು. ಇದು ಅತ್ತೇದು. ಇದ್ಯಾವುದೋ ಬಾತುಕೋಳಿದು" ಎಂದು ಅದನ್ನು ಎಸೆಯಿತು. ಆಮೇಲೆ ಹೊರಗೆ ಹೋಗಿ, "ಅತ್ತೇ, ಸ್ಟೇಪ್ಲರ್!" ಎಂದು ಕೂಗಿತು.

ಮೂವರೂ ಜಗಲಿಯಲ್ಲಿ ಕೂತರು. ರಂಪೈ ಎಲೆ ಹಿಡಿದಳು. ಅವಳಿಗೆ ಗೊತ್ತಾಗುವ ಮೊದಲೇ ಬೆರಳುಗಳು ಅದನ್ನು ಸೂಜಿಯಂತೆ ಮಡಚಿಬಿಟ್ಟಿದ್ದವು.

"ಹಂಗಲ್ಲ ಅಮ್ಮ. ದಪ್ಪ ಇರಬೇಕು. ನಮ್ಮದು ದಪ್ಪ ಇತ್ತು."

ಮತ್ತೆ ಮಡಚಿದಳು. ಮತ್ತೆ ಸಪೂರ. ಮೂರನೆಯದನ್ನು ಬೇಕೆಂದೇ ಸೊಟ್ಟ ಮಾಡಲು ಹೋದಳು. ಆದರೆ ಆ ಸೊಟ್ಟದಲ್ಲೂ ಒಂದು ಅಳತೆ ಬಂದುಬಿಟ್ಟಿತು. ಸ್ಟೇಪ್ಲರನ್ನು ತಲೆಕೆಳಗಾಗಿ ಹಿಡಿದು ಒತ್ತಿದ್ದಕ್ಕೆ ಪಿನ್ನು ಅಲ್ಲೇ ಸಿಕ್ಕಿಕೊಂಡಿತು.

"ಅಮ್ಮಂಗೆ ಬರಲ್ಲ!" ಚಾಬಾ ಚಪ್ಪಾಳೆ ತಟ್ಟಿ ಕಿರುಚಿದಳು. "ಅತ್ತೇ ನೋಡು, ಅಮ್ಮಂಗೆ ಬರಲ್ವೇ ಬರಲ್ಲ! ಕೊಡು ಇಲ್ಲಿ, ನಾನು ಹೇಳಿಕೊಡ್ತೀನಿ."

ಸುನಿಸಾ ತಲೆ ತಗ್ಗಿಸಿಕೊಂಡೇ ಸ್ಟೇಪ್ಲರ್ ಬಿಡಿಸಿಕೊಟ್ಟಳು. "ಮಧ್ಯಾಹ್ನ ಅಂದದ್ದು..." ಎಂದು ರಂಪೈ ಶುರುಮಾಡಿದಳು.

"ಅಂದಾಯ್ತಲ್ಲ ಅತ್ತಿಗೆ" ಎಂದಳು ಸುನಿಸಾ. "ನಂಗೂ ನಿಮ್ಮನ್ನ ಕಂಡ್ರೆ ದಿನಾ ಉರಿಯುತ್ತೆ. ನಾನು ಯಾರದ್ದೂ ಬಿಚ್ಚಿಲ್ಲ ಅಷ್ಟೆ."

ಚಾಬಾ ಕತ್ತರಿ ಹಿಡಿದು ಮೂವರ ಕೂದಲಿನಿಂದಲೂ ಒಂದೊಂದು ಚೂರು ಕತ್ತರಿಸಿದಳು. ಅಮ್ಮನದನ್ನು ಬೇಕಾದ್ದಕ್ಕಿಂತ ಹೆಚ್ಚೇ ಕತ್ತರಿಸಿದಳು.

ಹೊತ್ತು ಮುಳುಗಿದಾಗ ಕಾಲುವೆಯ ಕಟ್ಟೆಯಲ್ಲಿ ನೆರೆಹೊರೆಯವರೆಲ್ಲ ಸೇರಿದ್ದರು. ಎದುರು ದಡದ ತೆಂಗಿನಮರಗಳ ಮೇಲೆ ಚಂದ್ರ ಬಂದಿದ್ದ. ಏಳು ಸುತ್ತಿನ ಕ್ರಥೋಂಗನ್ನು ಪ್ರಸಿತ್ ಹಿಡಿದು ನಿಂತಿದ್ದ. "ಯಾರಿಗೂ ಬೇಡ್ವಂತೆ, ನಂಗೆ ಸಿಕ್ತು" ಎಂದು ಹೋದವರಿಗೆ ಬಂದವರಿಗೆ ತೋರಿಸುತ್ತಿದ್ದ. ಅದನ್ನು ನೀರಿಗೆ ಬಿಟ್ಟಾಗ ಜನ ಆಹಾ ಎಂದರು. ಅದು ನೆಟ್ಟಗೆ ದೂರ ಸಾಗಿತು. ಚಾಬಾ ಅತ್ತ ನೋಡಲೂ ಇಲ್ಲ.

"ಅತ್ತೆ, ನೀನು ಹಚ್ಚು" ಎಂದು ಮೇಣದಬತ್ತಿಯನ್ನು ಸುನಿಸಾಳಿಗೆ ಕೊಟ್ಟಳು. ರಂಪೈಗೆ ಒಳಗೆ ಮತ್ತೆ ಚುರ್ ಎಂದಿತು. ಇಷ್ಟೆಲ್ಲ ಆದ ಮೇಲೂ. ಅವಳು ಬೆಂಕಿಪೊಟ್ಟಣ ತೆಗೆದು ನಾದಿನಿಯ ಕೈಗೆ ಕೊಟ್ಟಳು.

ಸೊಟ್ಟ ಕ್ರಥೋಂಗ್ ಕಟ್ಟೆಯ ಪಕ್ಕದಲ್ಲೇ ಒಂದು ಸುತ್ತು ತಿರುಗಿತು. ಎಡಕ್ಕೆ ವಾಲಿತು. ಮುಂದೆ ಹೋಗಲಿಲ್ಲ. ಚಾಬಾ ಹೊಟ್ಟೆಯ ಮೇಲೆ ಮಲಗಿ, ನೀರಿಗೆ ಬಾಗಿ, ಅಂಗೈಯಿಂದ ಅಲೆ ಮಾಡತೊಡಗಿದಳು. "ಹೋಗು, ಹೋಗು." ಇನ್ನೂ ಬಾಗಿದಳು.

ರಂಪೈ ಮಂಡಿಯೂರಿ ಹಿಂದಿನಿಂದ ಮಗಳ ಫ್ರಾಕನ್ನು ಮುಷ್ಟಿಯಲ್ಲಿ ಹಿಡಿದಳು. ಅಲ್ಲಿ ಆಗಲೇ ಇನ್ನೊಂದು ಮುಷ್ಟಿ ಇತ್ತು. ಸುನಿಸಾಳ ಕೈ ನೀರಿಗೆ ನೆನೆದು ತಣ್ಣಗಿತ್ತು. ಅವಳೂ ಬಿಡಲಿಲ್ಲ, ಇವಳೂ ಬಿಡಲಿಲ್ಲ. ಅಂಗೈಯಗಲದ ಬಟ್ಟೆಯಲ್ಲಿ ಎರಡು ಕೈಗೂ ಜಾಗ ಸಾಲದೆ ಗೆಣ್ಣಿಗೆ ಗೆಣ್ಣು ತಾಗಿಕೊಂಡಿತ್ತು. ಮಗು ನೀರನ್ನು ತಳ್ಳುತ್ತಲೇ ಇತ್ತು.